ಕಬ್ಬಿಣ ಎಲ್ಲೈತಿ ನೋಡು, ಆಮೇಲೆ ಹಾರಿಸು

ಪ್ರಿಯ ತಮ್ಮಾ,

ನಿನ್ನ ಪತ್ರ ಮುಟ್ಟಿತು. ಬೈಲಹೊಂಗಲದ ಅಂಚೆ ಮುದ್ರೆ ನೋಡಿ ಯಾರದೋ ಲಗ್ನಪತ್ರಿಕೆ ಬಂತು ಅಂದುಕೊಂಡೆ. ಒಡೆದು ನೋಡಿದರೆ ನಾಲ್ಕು ಪುಟ ಡ್ರೋನಿನ ಕಥೆ! ಸವದತ್ತಿಯ ಗೃಹಪ್ರವೇಶವೊಂದಕ್ಕೆ ಶೂಟಿಂಗಿಗೆ ಹೋದದ್ದು, ಹೊಸ ಮನೆಯ ಮಾಳಿಗೆ ಮೇಲಿಂದ ಡ್ರೋನ್ ಎಬ್ಬಿಸಿದ್ದು, ಅದು ಒಂದಿಷ್ಟು ಏರುತ್ತಲೇ ‘ಕಂಪಾಸ್ ಎರರ್’ ಅಂತ ಪರದೆ ಮೇಲೆ ಕೆಂಪಗೆ ಬಂದದ್ದು, ಗಿರಕಿ ಹೊಡೆಯತೊಡಗಿದ ಡ್ರೋನನ್ನು ವಾಪಸ್ ಕರೆಯಲು ಹೋಮ್ ಗುಂಡಿ ಒತ್ತಿದ್ದು, ಅದು ನಿನ್ನ ಕಡೆ ಬರುವ ಬದಲು ಬೇವಿನ ಗಿಡಕ್ಕೆ ಹೋಗಿ ಬಡಿದದ್ದು. ಮನೆಯವರು ನಗು ತಡೆದುಕೊಂಡು ಹೋಳಿಗೆ ಬಡಿಸಿದರು ಅಂತ ಬರೆದಿದ್ದೀಯ. ಊಟವಾದರೂ ಸಿಕ್ಕಿತಲ್ಲ ಬಿಡು.

ಕೊನೆಗೆ ಎರಡು ಮಾತು ಕೇಳಿದ್ದೀಯ. ಸವದತ್ತಿ ಗುಡ್ಡದ ಕಲ್ಲಿನಲ್ಲಿ ಅಯಸ್ಕಾಂತ ಇದೆ, ಅದಕ್ಕೇ ಹೀಗಾಯಿತು ಅಂತ ರಿಪೇರಿ ಅಂಗಡಿಯವನು ಹೇಳಿದನಂತೆ, ನಿಜವೇ? ನವಿಲುತೀರ್ಥದ ಹತ್ತಿರ ಇನ್ನೊಮ್ಮೆ ಜಿಪಿಎಸ್ ಹೋಗಿತ್ತಲ್ಲ, ಅದೂ ಇದೇ ಕಾಯಿಲೆಯೇ?

ಎರಡಕ್ಕೂ ಉತ್ತರ ‘ಅಲ್ಲ’. ಇವು ಬೇರೆ ಬೇರೆ ಕಾಯಿಲೆ, ಔಷಧವೂ ಬೇರೆ. ಒಂದಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ಕೊಟ್ಟರೆ ಡ್ರೋನ್ ಕೈಬಿಟ್ಟು ಹೋಗುತ್ತದೆ. ನನ್ನ ಖಚಿತ ಅಭಿಪ್ರಾಯ ಏನಂದರೆ, ಜಿಪಿಎಸ್ ಕಳೆದುಕೊಂಡ ಡ್ರೋನಿಗೆ ಹೆದರಬೇಕಾದ್ದು ಕಡಿಮೆ. ಜಿಪಿಎಸ್ ಚೆನ್ನಾಗಿದ್ದು ಕಂಪಾಸ್ ಸುಳ್ಳು ಹೇಳುತ್ತಿರುವ ಡ್ರೋನಿಗೆ ಹೆದರಬೇಕು. ಜನ ಇದನ್ನು ತಿರುಗಮುರುಗ ತಿಳಿದುಕೊಂಡಿದ್ದಾರೆ. ಉಪಗ್ರಹದ ಸಂಖ್ಯೆ ಇಪ್ಪತ್ತು ದಾಟಿತು ಅಂದರೆ ಎಲ್ಲ ಸರಿ ಇದೆ ಅಂತ ನಿಶ್ಚಿಂತರಾಗುತ್ತಾರೆ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಜಿಪಿಎಸ್ ಡ್ರೋನಿಗೆ ಹೇಳುವುದು ‘ನೀನು ಎಲ್ಲಿದ್ದೀಯ’ ಎಂಬುದನ್ನು ಮಾತ್ರ. ಒಂದೇ ಕಡೆ ನಿಂತ ಡ್ರೋನಿನ ಮೂತಿ ಯಾವ ದಿಕ್ಕಿಗಿದೆ ಎಂಬುದು ಒಂದೇ ಆ್ಯಂಟೆನಾದ ಜಿಪಿಎಸ್‌ಗೆ ಗೊತ್ತಾಗುವುದಿಲ್ಲ. ಚಲಿಸಿದರೆ ಎತ್ತ ಸಾಗಿತು ಅಂತ ತಿಳಿಯುತ್ತದೆ, ಆದರೆ ಡ್ರೋನ್ ಕಾರಲ್ಲ, ಏಡಿಯ ಹಾಗೆ ಅಡ್ಡಡ್ಡವೂ ಹೋಗುತ್ತದೆ. ಹಾಗಾಗಿ ಮೂತಿಯ ದಿಕ್ಕು ತಿಳಿಯಲು ಅದಕ್ಕೆ ಕಂಪಾಸ್ ಬೇಕೇ ಬೇಕು. ಈ ಕಂಪಾಸ್ ಅಕ್ಕಿಕಾಳಿನಷ್ಟೇ ಪುಟ್ಟ ಒಂದು ಚಿಪ್. ಅದು ಅಳೆಯಬೇಕಾದ ಭೂಮಿಯ ಕಾಂತಶಕ್ತಿ ನಮ್ಮ ಕಡೆ ಇರುವುದೇ 40 ಮೈಕ್ರೋಟೆಸ್ಲಾ ಆಸುಪಾಸು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಸಣ್ಣ ಅಯಸ್ಕಾಂತದ ಮೈಮೇಲೆ ಅದರ ನೂರು ಪಟ್ಟಿಗೂ ಹೆಚ್ಚು ಶಕ್ತಿ ಇರುತ್ತದೆ. ಅಷ್ಟು ಕ್ಷೀಣವಾದ ಸೆಳೆತವನ್ನು ನಂಬಿ ಈ ಯಂತ್ರ ಉತ್ತರ ಹುಡುಕಬೇಕು.

ಉತ್ತರ ಹುಡುಕಲು ಇನ್ನೊಂದು ದಾರಿಯೂ ಇದೆ. ಕಿತ್ತೂರಿನ ಕೋಟೆಗೆ ನೀನು ಎಷ್ಟೋ ಸಲ ಹೋಗಿರುತ್ತೀಯ. ಅರಮನೆಯ ಗೋಡೆಯಲ್ಲಿ ಕೂರಿಸಿದ ಒಂದು ಸಣ್ಣ ಕೊಳವೆಯನ್ನು ಅಲ್ಲಿ ತೋರಿಸುತ್ತಾರೆ. ರಾತ್ರಿ ಅದರಲ್ಲಿ ಕಣ್ಣಿಟ್ಟರೆ ಧ್ರುವ ನಕ್ಷತ್ರ ಕಾಣುವಂತೆ ಇಟ್ಟದ್ದು ಅದು. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಮೇಲಿರುತ್ತದೋ ಅದು ಹೆಚ್ಚುಕಡಿಮೆ ಆ ಊರಿನ ಅಕ್ಷಾಂಶ. ಕಿತ್ತೂರಿಗೆ ಹದಿನೈದೂವರೆ ಡಿಗ್ರಿ. ಆ ಕೊಳವೆ ಉತ್ತರವನ್ನು ಆಕಾಶದಿಂದ ತೆಗೆದುಕೊಳ್ಳುತ್ತದೆ, ನೆಲದಿಂದಲ್ಲ. ಪಕ್ಕದಲ್ಲಿ ಒಂದು ತೋಪು ತಂದು ನಿಲ್ಲಿಸಿದರೂ ಅದು ತಪ್ಪುವುದಿಲ್ಲ. ಈಗಿನ ದೊಡ್ಡ ಔಷಧ ಸಿಂಪಡಣೆ ಡ್ರೋನ್‌ಗಳಲ್ಲಿ ಕೆಲವು ಇದೇ ಬುದ್ಧಿ ಬಳಸುತ್ತವೆ: ಮೈಮೇಲೆ ಎರಡು ಜಿಪಿಎಸ್ ಆ್ಯಂಟೆನಾ ಇಟ್ಟು, ಎರಡರ ಸ್ಥಾನದ ವ್ಯತ್ಯಾಸದಿಂದ ಮೂತಿಯ ದಿಕ್ಕು ಲೆಕ್ಕ ಹಾಕುತ್ತವೆ. ನಿನ್ನ ಪುಟ್ಟ ಕ್ಯಾಮೆರಾ ಡ್ರೋನಿಗೆ ಆ ಸೌಭಾಗ್ಯ ಇಲ್ಲ.

ಈಗ ಗಿರಕಿಯ ಲೆಕ್ಕ. ಗಾಳಿ ನಿನ್ನ ಡ್ರೋನನ್ನು ಒಂದು ಮೀಟರ್ ಪೂರ್ವಕ್ಕೆ ತಳ್ಳಿತು ಅನ್ನು. ಜಿಪಿಎಸ್ ಹೇಳುತ್ತದೆ: ಒಂದು ಮೀಟರ್ ಪಶ್ಚಿಮಕ್ಕೆ ಬಾ. ಪಶ್ಚಿಮ ಯಾವುದು? ಕಂಪಾಸನ್ನು ಕೇಳಬೇಕು. ಕಂಪಾಸ್ 40 ಡಿಗ್ರಿ ತಪ್ಪಿದ್ದರೆ ಡ್ರೋನ್ ಪಶ್ಚಿಮಕ್ಕೆ ಅಂತ ಹೊರಟು ವಾಯವ್ಯಕ್ಕೋ ನೈಋತ್ಯಕ್ಕೋ ಹೋಗುತ್ತದೆ. ಹೋದ ಮೇಲೆ ಜಿಪಿಎಸ್ ಮತ್ತೆ ಗದರಿಸುತ್ತದೆ, ಮತ್ತೆ ತಿದ್ದುಪಡಿ, ಮತ್ತೆ ಓರೆ. ಹೀಗೆ ಗಾಣದೆತ್ತಿನಂತೆ ಸುತ್ತು ಶುರುವಾಗುತ್ತದೆ. ತಪ್ಪು ಸಣ್ಣದಿದ್ದರೆ ಸುತ್ತುತ್ತಲೇ ಹೇಗೋ ಒಳಗೆ ಬಂದು ನಿಲ್ಲುತ್ತದೆ. ತಪ್ಪು ಹೆಚ್ಚಾದಂತೆ ಸುತ್ತು ಹಿಗ್ಗುತ್ತದೆ. 90 ಡಿಗ್ರಿ ದಾಟಿತೋ, ತಿದ್ದಿದಷ್ಟೂ ದೂರ ಓಡುತ್ತದೆ. ನೋಡುವವರಿಗೆ ಡ್ರೋನಿಗೆ ಹುಚ್ಚು ಹಿಡಿದ ಹಾಗೆ ಕಾಣುತ್ತದೆ. ಹುಚ್ಚಲ್ಲ, ಅತಿ ನಿಷ್ಠೆ. ಸರಿಯಾದ ಸ್ಥಾನವನ್ನೂ ತಪ್ಪು ದಿಕ್ಕನ್ನೂ ಒಟ್ಟಿಗೆ ನಂಬಿ ದುಡಿಯುತ್ತಿದೆ ಅಷ್ಟೇ. ಜಿಪಿಎಸ್ ಇಲ್ಲದಿದ್ದರೆ ಈ ತಿದ್ದುಪಡಿಯ ಆಟವೇ ಇರುತ್ತಿರಲಿಲ್ಲ, ಡ್ರೋನ್ ಗಾಳಿಗೆ ಮೆಲ್ಲಗೆ ತೇಲುತ್ತಿತ್ತು, ನೀನು ರಿಮೋಟಿನ ಕಡ್ಡಿ ಹಿಡಿದು ಇಳಿಸುತ್ತಿದ್ದೆ.

ಹೋಮ್ ಗುಂಡಿ ಯಾಕೆ ಬೇವಿನ ಗಿಡಕ್ಕೆ ಕರೆದೊಯ್ಯಿತು ಅನ್ನುವುದೂ ಇಷ್ಟರಲ್ಲೇ ತಿಳಿಯಿತಲ್ಲ. ಮನೆಗೆ ಹೋಗುವ ದಾರಿ ಹುಡುಕಲು ಅದು ಕೇಳಿದ್ದು ಅದೇ ಸುಳ್ಳು ಕಂಪಾಸನ್ನು.

ಆದರೆ ಕಂಪಾಸ್ ಸುಳ್ಳು ಹೇಳಲು ಕಲಿತದ್ದು ಎಲ್ಲಿ? ಆಕಾಶದಲ್ಲಲ್ಲ ತಮ್ಮಾ, ಮಾಳಿಗೆಯ ಮೇಲೆ. ಹೊಸ ಮನೆಯ ಸ್ಲ್ಯಾಬಿನೊಳಗೆ ಗೇಣಿಗೊಂದರಂತೆ ಕಬ್ಬಿಣದ ಸರಳು ಇರುತ್ತವೆ. ಅದರ ಮೇಲೆ ಇಟ್ಟು ಡ್ರೋನ್ ಚಾಲೂ ಮಾಡಿದೆ. ಡ್ರೋನ್ ಎದ್ದೇಳುವಾಗಲೇ ‘ನನ್ನ ಮೂತಿ ಇಂಥ ದಿಕ್ಕಿಗಿದೆ’ ಅಂತ ಮನಸ್ಸಿನಲ್ಲಿ ಬರೆದುಕೊಳ್ಳುತ್ತದೆ, ಬರೆದುಕೊಂಡದ್ದು ಸರಳಿನ ದಿಕ್ಕು. ಕಬ್ಬಿಣದ ಪ್ರಭಾವ ದೂರ ಹೋದಂತೆ ಬೇಗ ಇಳಿಯುತ್ತದೆ, ಎರಡು ಮೂರು ಮೀಟರ್ ಏರುವಷ್ಟರಲ್ಲಿ ಕಂಪಾಸ್ ನಿಜವಾದ ಉತ್ತರದ ಕಡೆ ತಿರುಗತೊಡಗುತ್ತದೆ. ಡ್ರೋನ್ ನಿಜಕ್ಕೂ ತಿರುಗಿದರೆ, ತಿರುಗುವುದನ್ನು ಅಳೆಯುವ ಅದರ ಜೈರೋ ಹೇಳಬೇಕು. ಜೈರೋ ‘ನಾನು ತಿರುಗಿಲ್ಲ’ ಅನ್ನುತ್ತದೆ, ಕಂಪಾಸ್ ‘ದಿಕ್ಕು ಬದಲಾಯಿತು’ ಅನ್ನುತ್ತದೆ. ಇಬ್ಬರ ಜಗಳವೇ ಪರದೆ ಮೇಲಿನ ಕೆಂಪು ಅಕ್ಷರ. ಮಾಳಿಗೆಯಿಂದ ಇಳಿದು ಹಿತ್ತಲಿನಾಚೆ ಹೊಲದ ಬದುವಿಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಗೃಹಪ್ರವೇಶದ ಗಡಿಬಿಡಿಯಲ್ಲಿ ಅಷ್ಟು ದೂರ ನಡೆಯಲು ಯಾರಿಗೆ ಪುರುಸೊತ್ತು ಅನ್ನುತ್ತೀಯ, ಗೊತ್ತು. ಕನಿಷ್ಠ ಒಂದು ಪ್ಲಾಸ್ಟಿಕ್ ಮೇಜಿನ ಮೇಲಾದರೂ ಇಡು. ಕಬ್ಬಿಣದಿಂದ ಮೂರಡಿ ಎತ್ತರ ಸಿಕ್ಕಿದರೂ ಪ್ರಭಾವ ಬಹಳ ಇಳಿಯುತ್ತದೆ.

ಈಗ ನಿನ್ನ ಅಂಗಡಿಯವನ ಕಲ್ಲಿನ ಮಾತು. ಪಾಪ, ಅವನು ಪೂರಾ ಸುಳ್ಳನಲ್ಲ, ಗುಡ್ಡ ಮಾತ್ರ ತಪ್ಪು. ಸವದತ್ತಿ, ಯಲ್ಲಮ್ಮನ ಗುಡ್ಡ, ರಾಮದುರ್ಗದ ಕಡೆಯ ಕೆಂಪು ಬಂಡೆಗಳು ಕಲಾದಗಿ ಶಿಲಾಸಮೂಹಕ್ಕೆ ಸೇರಿದವು. ಭೂವಿಜ್ಞಾನಿಗಳು ಅದರ ಒಂದು ಭಾಗಕ್ಕೆ ರಾಮದುರ್ಗದ್ದೇ ಹೆಸರಿಟ್ಟಿದ್ದಾರೆ, ಅದರೊಳಗಿನ ಒಂದು ಪದರಕ್ಕೆ ಸವದತ್ತಿ ಕ್ವಾರ್ಟ್ಜೈಟ್ ಅಂತಲೇ ಹೆಸರು. ಮೂಲತಃ ಮರಳು ಗಟ್ಟಿಯಾಗಿ ಆದ ಕಲ್ಲು ಅದು, ಬಹುತೇಕ ಸಿಲಿಕಾ. ಅದರ ಕೆಂಪು ನೋಡಿ ಕಬ್ಬಿಣ ಅಂತ ಹೆದರಬೇಡ. ಬಣ್ಣ ಕಬ್ಬಿಣದ ತುಕ್ಕಿನದೇ, ಆದರೆ ಆ ರೂಪದ ಕಬ್ಬಿಣಕ್ಕೆ ಕಾಂತಗುಣ ತೀರ ಕಡಿಮೆ. ಅಯಸ್ಕಾಂತೀಯ ಕಲ್ಲು ಬೇಕಿದ್ದರೆ ಬೆಳಗಾವಿ ಜಿಲ್ಲೆಯ ಉತ್ತರಕ್ಕೂ ಪಶ್ಚಿಮಕ್ಕೂ ಹೋಗಬೇಕು, ಡೆಕ್ಕನ್ ಟ್ರ್ಯಾಪಿನ ಕರಿಕಲ್ಲಿಗೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಅದು. ಅದರಲ್ಲಿ ಮ್ಯಾಗ್ನೆಟೈಟ್ ಎಂಬ ಖನಿಜದ ಕಣಗಳಿವೆ, ಲಾವಾ ಆರುವಾಗ ಆ ಕಣಗಳು ಅಂದಿನ ಉತ್ತರವನ್ನು ಹಿಡಿದುಕೊಂಡು ಗಟ್ಟಿಯಾದವು. ತಮಾಷೆ ಏನಂದರೆ ಆಗ ಭೂಮಿಯ ಕಾಂತಧ್ರುವಗಳು ಬಹುಪಾಲು ಅದಲುಬದಲಾಗಿದ್ದವು, ನಮ್ಮ ಭೂಭಾಗವೂ ಭೂಮಧ್ಯರೇಖೆಯ ಆ ಕಡೆ, ದಕ್ಷಿಣದಲ್ಲಿ ಇತ್ತು. ಆ ಕಲ್ಲಿನ ನೆನಪು ಇಂದಿನ ಉತ್ತರಕ್ಕೆ ಉಲ್ಟಾ. ಆದರೂ, ಬರಿಯ ಕರಿಬಂಡೆಗೆ ಒತ್ತಿಕೊಂಡು ಡ್ರೋನ್ ಇಟ್ಟರೆ ಮಾತ್ರ ಸ್ವಲ್ಪ ತೊಂದರೆ. ಹಾರುವ ಎತ್ತರದಲ್ಲಿ ಅದರ ಪ್ರಭಾವ ಲೆಕ್ಕಕ್ಕಿಲ್ಲ. ಎರೆಮಣ್ಣಿನ ಹೊಲದಿಂದ ನಿಶ್ಚಿಂತೆಯಾಗಿ ಎಬ್ಬಿಸು. ನಮ್ಮ ಕಡೆ ಡ್ರೋನಿಗೆ ಕೇಡು ಮಾಡುವ ಕಬ್ಬಿಣ ದೇವರು ಇಟ್ಟದ್ದಲ್ಲ, ನಾವು ಇಟ್ಟದ್ದು.

ಎಲ್ಲೆಲ್ಲಿ ಇಟ್ಟಿದ್ದೇವೆ ನೋಡು. ಬೋರಿನ ಕೇಸಿಂಗ್ ಪೈಪು ನೆಲದಿಂದ ಎರಡಡಿ ಮೇಲೆದ್ದಿರುತ್ತದೆ, ಸುತ್ತಲಿನ ಸಿಮೆಂಟ್ ಕಟ್ಟೆ ಮಟ್ಟಸವಾಗಿದೆ ಅಂತ ಅದರ ಮೇಲೇ ಡ್ರೋನ್ ಇಡುವವರನ್ನು ನೋಡಿದ್ದೇನೆ. ಕಬ್ಬಿನ ಹಂಗಾಮಿನಲ್ಲಿ ಹೊಲದ ದಾರಿಯಲ್ಲಿ ಸಾಲಾಗಿ ನಿಂತ ಟ್ರ್ಯಾಕ್ಟರ್, ಟ್ರ್ಯಾಲಿ. ತಗಡಿನ ಶೆಡ್ಡು. ಕಾರಿನ ಬಾನೆಟ್ಟು, ಶೂಟಿಂಗಿನವರ ಅಚ್ಚುಮೆಚ್ಚಿನ ಜಾಗ. ಸೇತುವೆ, ಕಾಲುವೆಯ ಗೇಟು. ಜಾತ್ರೆಯ ಪೆಂಡಾಲಿನ ಕಬ್ಬಿಣದ ಕಂಬ, ಲೌಡ್‌ಸ್ಪೀಕರ್. ಲೌಡ್‌ಸ್ಪೀಕರನ್ನು ಬೇರೆಯಾಗಿ ನೆನಪಿಡು: ಉಳಿದವು ಬರಿಯ ಕಬ್ಬಿಣ, ಅದರೊಳಗೆ ನಿಜವಾದ ಅಯಸ್ಕಾಂತವೇ ಇದೆ. ಡ್ರೋನನ್ನು ಸ್ಪೀಕರ್ ಪಕ್ಕ ಒಂದೇ ಡಿಕ್ಕಿಯಲ್ಲಿ ತುಂಬಿಕೊಂಡು ಹೋಗುವುದನ್ನೂ ಬಿಡು, ಡ್ರೋನಿನ ಸ್ಕ್ರೂಗಳೇ ಕಾಂತ ಹಿಡಿದಾವು.

ಇನ್ನೊಂದು ನಂಬಿಕೆ ಎಲ್ಲರ ಬಾಯಲ್ಲೂ ಇದೆ: ಹೈಟೆನ್ಶನ್ ತಂತಿ ಕೆಳಗೆ ಹೋದರೆ ಕಂಪಾಸ್ ಕೆಡುತ್ತದೆ ಅಂತ. ತಂತಿಯಲ್ಲಿ ಹರಿಯುವುದು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವ ಕರೆಂಟು. ಅದು ಹುಟ್ಟಿಸುವ ಕಾಂತಶಕ್ತಿಯೂ ಅಷ್ಟೇ ವೇಗವಾಗಿ ಆಚೀಚೆ ಆಡುತ್ತದೆ, ಸರಾಸರಿ ತೆಗೆದರೆ ಸೊನ್ನೆಯ ಹತ್ತಿರ. ಡ್ರೋನಿನ ಲೆಕ್ಕಾಚಾರ ಈ ನಡುಕವನ್ನು ಬಹುಮಟ್ಟಿಗೆ ಸೋಸಿಬಿಡುತ್ತದೆ. ತಂತಿಯಿಂದ ದೂರ ಇರಬೇಕಾದ್ದು ಕಂಪಾಸಿಗಾಗಿ ಅಲ್ಲ, ಬಡಿಯಬಾರದು ಅಂತ. ತಂತಿ ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ. ಸವದತ್ತಿ ಗುಡ್ಡದ ಗಾಳಿಫ್ಯಾನುಗಳ ವಿಷಯವೂ ಹಾಗೇ. ಅಲ್ಲಿ ಕಂಪಾಸಿಗಿಂತ ದೊಡ್ಡ ಶತ್ರು ರೆಕ್ಕೆಯ ಹಿಂದೆ ಕದಡಿದ ಗಾಳಿ.

ಕರೆಂಟಿನಿಂದ ನಿಜವಾದ ಕೇಡು ಬರುವುದು ಡ್ರೋನಿನ ಹೊಟ್ಟೆಯೊಳಗಿನಿಂದ. ಬ್ಯಾಟರಿಯದು ಒಂದೇ ದಿಕ್ಕಿನ ಕರೆಂಟು, ಅದಕ್ಕೆ ಸರಾಸರಿ ಸೊನ್ನೆ ಅನ್ನುವುದಿಲ್ಲ. ಕಬ್ಬಿಗೆ ಔಷಧ ಹೊಡೆಯುವ ಹತ್ತು ಲೀಟರ್ ಟಾಕಿಯ ಡ್ರೋನ್ ತುಂಬಿದ ಭಾರ ಎತ್ತುವಾಗ ನೂರು ಆಂಪಿಯರ್ ಎಳೆಯುವುದು ದೊಡ್ಡ ಮಾತಲ್ಲ. ಒಂಟಿ ತಂತಿಯಲ್ಲಿ ನೂರು ಆಂಪಿಯರ್ ಹರಿದರೆ ಹತ್ತು ಸೆಂಟಿಮೀಟರ್ ದೂರದಲ್ಲಿ 200 ಮೈಕ್ರೋಟೆಸ್ಲಾ. ಭೂಮಿಯದಕ್ಕಿಂತ ಐದು ಪಟ್ಟು! ಅದಕ್ಕೇ ಹೋಗುವ ತಂತಿ, ಬರುವ ತಂತಿ ಎರಡನ್ನೂ ಒತ್ತಾಗಿ ಹೆಣೆಯುತ್ತಾರೆ, ಒಂದರ ಶಕ್ತಿ ಇನ್ನೊಂದನ್ನು ಅಳಿಸಲಿ ಅಂತ. ಅದಕ್ಕೇ ಜಿಪಿಎಸ್, ಕಂಪಾಸ್ ಎರಡನ್ನೂ ಉದ್ದ ಕಡ್ಡಿಯ ತುದಿಗೆ ಎತ್ತಿ ಕೂರಿಸುತ್ತಾರೆ. ನಿಮ್ಮ ಭಾವ ಸಿಂಪಡಣೆ ಡ್ರೋನ್ ತೆಗೆದುಕೊಳ್ಳುವ ವಿಚಾರದಲ್ಲಿದ್ದಾರೆ ಅಂತ ಬರೆದಿದ್ದೀಯಲ್ಲ, ಅವರಿಗೆ ಇದನ್ನು ಹೇಳು. ರಿಪೇರಿಗೆ ಕೊಟ್ಟಾಗ ಯಾರಾದರೂ ಆ ಕಡ್ಡಿ ಗಿಡ್ಡ ಮಾಡಿದರೆ, ಬ್ಯಾಟರಿ ತಂತಿಯನ್ನು ಬೇರೆ ದಾರಿಯಲ್ಲಿ ಎಳೆದರೆ, ಡ್ರೋನ್ ನೆಲದ ಮೇಲೆ ಸಾಧುವಾಗಿರುತ್ತದೆ, ಭಾರ ಎತ್ತಿದ ಕೂಡಲೇ ದಿಕ್ಕು ತಪ್ಪುತ್ತದೆ. ನಮೋ ಡ್ರೋನ್ ದೀದಿ ಯೋಜನೆಯಲ್ಲಿ ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಇಂಥ ಡ್ರೋನ್ ಕೊಡುವುದೆಂದು 2023ರಲ್ಲಿ ತೀರ್ಮಾನವಾಯಿತು. ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಯಂತ್ರ ಬರುತ್ತಿರುವುದು ಸಂತೋಷ. ಆದರೆ ಹಾರಿಸುವುದನ್ನು ಕಲಿಸಿದಷ್ಟೇ ಚೆನ್ನಾಗಿ ತಂತಿಯ ದಾರಿಯನ್ನೂ ತೋರಿಸಬೇಕು. ಹೊಲದ ನಡುವೆ ಮೆಕ್ಯಾನಿಕ್ ಸಿಗುವುದಿಲ್ಲ.

ಕ್ಯಾಲಿಬ್ರೇಶನ್ ಬಗ್ಗೆ ನೀನು ಬರೆದದ್ದು ಓದಿ ನಗು ಬಂತು. ಪ್ರತಿ ಸಲ ಹಾರಿಸುವ ಮುಂಚೆ ಡ್ರೋನ್ ಹಿಡಿದು ಆರತಿ ಎತ್ತಿದಂತೆ ತಿರುಗಿಸುತ್ತೀಯಂತೆ. ಬೇಡ. ಕ್ಯಾಲಿಬ್ರೇಶನ್ ಎಂದರೆ ಡ್ರೋನಿನ ಮೈಯೊಳಗಿನ ಕಬ್ಬಿಣದ ಪ್ರಭಾವವನ್ನು ಅಳೆದು ಕಳೆಯುವುದು, ಸುತ್ತಲಿನ ಜಾಗದ ಕಬ್ಬಿಣವನ್ನು ಕಳೆಯುವುದಲ್ಲ. ಕಬ್ಬಿಣದ ಮಧ್ಯೆ ನಿಂತು ಕ್ಯಾಲಿಬ್ರೇಟ್ ಮಾಡಿದರೆ ಆ ಜಾಗದ ತಪ್ಪನ್ನೇ ಡ್ರೋನಿಗೆ ಪಾಠ ಹೇಳಿಕೊಟ್ಟಂತೆ, ಹೋದಲ್ಲೆಲ್ಲ ಅದೇ ಪಾಠ ಒಪ್ಪಿಸುತ್ತದೆ. ಡ್ರೋನ್ ಬಿದ್ದು ರಿಪೇರಿಯಾದಾಗ, ಏನಾದರೂ ಭಾಗ ಬದಲಿಸಿದಾಗ, ನೂರಾರು ಕಿಲೋಮೀಟರ್ ದೂರದ ಊರಿಗೆ ಹೋದಾಗ, ಇಲ್ಲವೇ ಡ್ರೋನ್ ತಾನೇ ಕೇಳಿದಾಗ ಮಾಡು. ಮಾಡುವುದಾದರೆ ಬಯಲಿನ ಹೊಲದ ನಡುವೆ. ಕಿಸೆಯ ಮೊಬೈಲು, ಬೈಕಿನ ಕೀಲಿ, ವಾಚು ಎಲ್ಲ ತೆಗೆದು ದೂರ ಇಡು. ಮಾಳಿಗೆ ಮೇಲೆ ಡ್ರೋನ್ ಕ್ಯಾಲಿಬ್ರೇಶನ್ ಕೇಳಿದರೆ ಅದು ‘ತಿರುಗಿಸು’ ಅಂತಲ್ಲ, ‘ಇಲ್ಲಿಂದ ನಡೆ’ ಅಂತ ಹೇಳುತ್ತಿದೆ ಅಂತ ತಿಳಿ.

ಇದಕ್ಕಿಂತ ಉಪಯೋಗದ್ದು ಒಂದು ಸಣ್ಣ ಪರೀಕ್ಷೆ ಇದೆ, ಅರ್ಧ ನಿಮಿಷವೂ ಬೇಡ. ಡ್ರೋನ್ ಚಾಲೂ ಮಾಡಿ ನಕ್ಷೆ ತೆರೆ. ಮೂತಿಯನ್ನು ಕಣ್ಣಿಗೆ ಕಾಣುವ ಗುರುತಿನ ಕಡೆ ತಿರುಗಿಸಿಡು, ಊರ ಗುಡಿಯ ಶಿಖರವೋ, ನೇರ ಹೋಗುವ ರಸ್ತೆಯೋ. ನಕ್ಷೆಯ ಬಾಣವೂ ಅತ್ತಲೇ ತೋರಿಸಬೇಕು. ನಮ್ಮ ಭಾಗದಲ್ಲಿ ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಅಂತರ ತೀರ ಸಣ್ಣದು, ಅದನ್ನೂ ಡ್ರೋನ್ ತಾನೇ ಕಳೆದುಕೊಳ್ಳುತ್ತದೆ. ಬಾಣ ಕಣ್ಣಿಗೆ ಗೊತ್ತಾಗುವಷ್ಟು ಓರೆಯಾಗಿದ್ದರೆ ಎಬ್ಬಿಸಲೇಬೇಡ. ನಾಲ್ಕು ಹೆಜ್ಜೆ ಪಕ್ಕಕ್ಕೆ ಒಯ್ದು ಮತ್ತೆ ನೋಡು. ಅಲ್ಲಿ ಬಾಣ ಬೇರೆ ತೋರಿಸಿತೋ, ಕೆಳಗೆ ಕಬ್ಬಿಣ ಇದೆ.

ಇನ್ನು ನವಿಲುತೀರ್ಥ. ಅಲ್ಲಿ ಮಲಪ್ರಭೆ ಗುಡ್ಡ ಸೀಳಿಕೊಂಡು ಹಾಯ್ದಿದ್ದಾಳೆ, ಆ ಸೀಳಿಗೇ ಅಣೆಕಟ್ಟು ಕಟ್ಟಿ ರೇಣುಕಾ ಸಾಗರ ಮಾಡಿದ್ದಾರೆ. ಕೊಳ್ಳದ ತಳಕ್ಕೆ ಡ್ರೋನ್ ಇಳಿಸಿದೆ ಅಂದರೆ ಅದರ ಪಾಲಿಗೆ ಆಕಾಶ ಒಂದು ಪಟ್ಟಿಯಷ್ಟೇ. ಜಿಪಿಎಸ್ ಉಪಗ್ರಹಗಳು 20,200 ಕಿಲೋಮೀಟರ್ ಮೇಲಿವೆ. ಅಲ್ಲಿಂದ ಬರುವ ಸಂಕೇತ ನೆಲ ಮುಟ್ಟುವಾಗ ಒಂದು ವ್ಯಾಟಿನ ಹತ್ತು ಸಾವಿರ ಲಕ್ಷ ಕೋಟಿಯಲ್ಲೊಂದು ಭಾಗದಷ್ಟು ಉಳಿದಿರುತ್ತದೆ. ಬಂಡೆ ಅಡ್ಡ ಬಂದರೆ ಮುಗಿಯಿತು. ಸ್ಥಾನ ತಿಳಿಯಲು ಕನಿಷ್ಠ ನಾಲ್ಕು ಉಪಗ್ರಹ ಬೇಕು, ಅವು ಆಕಾಶದ ತುಂಬ ಹರಡಿರಲೂ ಬೇಕು. ಎಲ್ಲವೂ ನೆತ್ತಿಯ ಮೇಲೆ ಗುಂಪಾಗಿದ್ದರೆ ಲೆಕ್ಕ ಸಡಿಲವಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಪ್ರತಿಫಲನ. ಸಂಕೇತ ನೇರ ಬರದೆ ಎದುರು ಬಂಡೆಗೆ ಬಡಿದು ಬಂದರೆ ದಾರಿ ಉದ್ದವಾಗುತ್ತದೆ, ಹತ್ತು ಮೀಟರ್ ಸುತ್ತಿ ಬಂದರೆ ಆ ಉಪಗ್ರಹದ ದೂರದಲ್ಲಿ ಹತ್ತು ಮೀಟರ್ ತಪ್ಪು. ಉಪಗ್ರಹದ ಸಂಖ್ಯೆ ಪರದೆಯಲ್ಲಿ ಚೆನ್ನಾಗೇ ಕಾಣುತ್ತಿರುತ್ತದೆ, ಡ್ರೋನ್ ಮಾತ್ರ ಬಂಡೆಯ ಕಡೆ ಸರಿಯುತ್ತಿರುತ್ತದೆ. ರಾಮದುರ್ಗ ತಾಲ್ಲೂಕಿನ ಶಬರಿಕೊಳ್ಳಕ್ಕೆ ಹೋಗುವ ಆಸೆ ಬರೆದಿದ್ದೀಯ. ಅಲ್ಲಿಯೂ ಕೊಳ್ಳದೊಳಗಿಂದ ಎಬ್ಬಿಸಬೇಡ, ಮೇಲಿನ ಬಯಲಿನಿಂದ ಎಬ್ಬಿಸಿ, ಹೋಮ್ ಪಾಯಿಂಟ್ ದಾಖಲಾಯಿತು ಅಂತ ಡ್ರೋನ್ ಹೇಳಿದ ಮೇಲೆ ಒಳಗೆ ಇಣುಕು.

ಅಣೆಕಟ್ಟಿನ ಬಳಿ ಇನ್ನೊಂದು ಮೋಸ ಇದೆ, ನೀರಿನದು. ಜಿಪಿಎಸ್ ಕೈಕೊಟ್ಟರೆ ಸಣ್ಣ ಡ್ರೋನ್‌ಗಳು ಹೊಟ್ಟೆಯ ಕೆಳಗಿನ ಕ್ಯಾಮೆರಾದಿಂದ ನೆಲ ನೋಡಿಕೊಂಡು ನಿಲ್ಲುತ್ತವೆ. ಕೆಳಗೆ ಕಲ್ಲು, ಹುಲ್ಲು ಇದ್ದರೆ ಸರಿ. ನಿಂತ ನೀರಿನಲ್ಲಿ ಅದಕ್ಕೆ ಗುರುತು ಸಿಗುವುದಿಲ್ಲ, ಅಲೆ ಇದ್ದರೆ ಅಲೆಯನ್ನೇ ನೆಲ ಅಂದುಕೊಂಡು ಅದರ ಜೊತೆ ಹೊರಡುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದೊಳಗೆ ನುಗ್ಗಿದ್ದು ನಿನಗೆ ನೆನಪಿರಬೇಕು. ಅಂಥ ಹೊತ್ತಿನಲ್ಲಿ ಯಾರಾದರೂ ‘ಡ್ರೋನ್ ಹಾರಿಸಿ ನೋಡಪ್ಪಾ’ ಅಂತ ನಿನ್ನನ್ನೇ ಕರೆಯಬಹುದು. ಹರಿಯುವ ನೀರಿನ ಮೇಲೆ ತಗ್ಗಿನಲ್ಲಿ ಹಾರಿಸಬೇಡ, ಎತ್ತರದಲ್ಲಿ, ಜಿಪಿಎಸ್ ಗಟ್ಟಿಯಾಗಿರುವಾಗ ಮಾತ್ರ. ಸಂಪರ್ಕ ಕಡಿದರೆ ಏನು ಮಾಡಬೇಕು ಎಂಬ ಸೆಟ್ಟಿಂಗನ್ನು ಮೊದಲೇ ನೋಡಿಕೊ. ಸ್ಥಾನ ತಿಳಿಯದಿದ್ದಾಗ ನಿಂತಲ್ಲೇ ಇಳಿಯತೊಡಗುವ ಡ್ರೋನ್‌ಗಳಿವೆ. ನಿಂತಲ್ಲಿ ಇರುವುದು ಮಲಪ್ರಭೆಯಾದರೆ ಡ್ರೋನಿನ ಆಸೆ ಬಿಡು.

ಕಿತ್ತೂರು ಉತ್ಸವದ ಮಾತೂ ಇದಕ್ಕೇ ಸೇರಿಸಿಬಿಡುತ್ತೇನೆ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೆಡವಿದ ನೆನಪಿಗೆ ಪ್ರತಿವರ್ಷ ಅದೇ ಹೊತ್ತಿಗೆ ಉತ್ಸವ, ಕಾರ್ಯಕ್ರಮ ರಂಗೇರುವುದು ಸೂರ್ಯ ಮುಳುಗಿದ ಮೇಲೆ. ಜಿಪಿಎಸ್ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಮುಹೂರ್ತ ಹುಡುಕುವುದು ಕಷ್ಟ! ಭೂಮಿಯ ಕಾಂತೀಯ ಮಧ್ಯರೇಖೆ ನಮ್ಮ ದೇಶದ ದಕ್ಷಿಣ ತುದಿಯ ಮೇಲೆ ಹಾಯುತ್ತದೆ. 1963ರಲ್ಲಿ ಕೇರಳದ ತುಂಬಾದಲ್ಲಿ ರಾಕೆಟ್ ಕೇಂದ್ರ ಮಾಡಿದ್ದೂ ಅದೇ ಕಾರಣಕ್ಕೆ. ಈ ರೇಖೆಯ ಎರಡೂ ಬದಿಯ ಪಟ್ಟಿಯಲ್ಲಿ, ಸಂಜೆಯಾದ ನಂತರ ವಾಯುಮಂಡಲದ ಮೇಲಿನ ವಿದ್ಯುತ್ ಪದರದಲ್ಲಿ ಗುಳ್ಳೆಗಳೇಳುತ್ತವೆ. ಉಪಗ್ರಹದ ಸಂಕೇತ ಆ ಗುಳ್ಳೆ ದಾಟಿ ಬರುವಾಗ ನಡುಗುತ್ತದೆ, ಒಮ್ಮೊಮ್ಮೆ ಕಡಿದೇ ಹೋಗುತ್ತದೆ. ನಮ್ಮ ಕಡೆ ಇದು ಹೆಚ್ಚು ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲಿ, ಸೂರ್ಯನ ಚಟುವಟಿಕೆ ಏರಿದ ವರ್ಷಗಳಲ್ಲಂತೂ ಇನ್ನೂ ಹೆಚ್ಚು. ಕಿತ್ತೂರು ವಿಜಯಕ್ಕೆ 200 ವರ್ಷ ತುಂಬಿದ 2024ರ ಅಕ್ಟೋಬರಿನಲ್ಲೇ, ಸೂರ್ಯ ತನ್ನ ಹನ್ನೊಂದು ವರ್ಷದ ಚಕ್ರದ ಶಿಖರದ ಅವಧಿಯಲ್ಲಿದ್ದಾನೆ ಅಂತ ನಾಸಾ ಸಾರಿತು. ಬಹುಪಾಲು ರಾತ್ರಿ ಏನೂ ಆಗುವುದಿಲ್ಲ, ನಿಜ. ಆದರೆ ಕತ್ತಲಲ್ಲಿ ಹೊಟ್ಟೆಯ ಕ್ಯಾಮೆರಾಕ್ಕೂ ಕಣ್ಣು ಕಾಣುವುದಿಲ್ಲ. ಆಗ ಜಿಪಿಎಸ್ ನಡುಗಿದರೆ ಡ್ರೋನಿಗೆ ಆಸರೆ ನಿನ್ನ ಎರಡು ಹೆಬ್ಬೆರಳು ಮಾತ್ರ. ಕೆಳಗೆ ಜನ ಕಿಕ್ಕಿರಿದಿರುತ್ತಾರೆ.

ಬೇಕಂತಲೇ ಜಿಪಿಎಸ್ ಕೆಡಿಸುವವರ ಸುದ್ದಿಯೂ ಓದಿರುತ್ತೀಯ. 2023ರ ನವೆಂಬರಿನಿಂದ 2025ರ ಫೆಬ್ರುವರಿವರೆಗೆ ಗಡಿ ಭಾಗದಲ್ಲಿ, ಮುಖ್ಯವಾಗಿ ಅಮೃತಸರ, ಜಮ್ಮು ಕಡೆ, ವಿಮಾನಗಳಿಗೆ ಇಂಥ 465 ಘಟನೆ ಎದುರಾದವು ಅಂತ ಸರ್ಕಾರ ಸಂಸತ್ತಿಗೆ ಹೇಳಿತು. ನಮ್ಮ ಬೈಲಹೊಂಗಲಕ್ಕೆ ಆ ಗಾಬರಿ ಬೇಡ. ದೊಡ್ಡವರು ಬರುವ ದಿನ ಮಾತ್ರ ಪೊಲೀಸರನ್ನು ಕೇಳದೆ ಡ್ರೋನ್ ಚೀಲದಿಂದ ತೆಗೆಯಬೇಡ.

ಈಗ ಗಾಳಿಯಲ್ಲಿರುವಾಗಲೇ ಕೆಂಪು ಅಕ್ಷರ ಬಂದರೆ? ಮೊದಲು ಎಡಗಡ್ಡಿಯನ್ನು ಅಡ್ಡ ತಿರುಗಿಸುವುದು ನಿಲ್ಲಿಸು. ಮೂತಿ ಇದ್ದ ಹಾಗೇ ಇರಲಿ. ಗಿಡ, ತಂತಿ ಹತ್ತಿರ ಇದ್ದರೆ ನೇರ ಮೇಲೆ ಏರಿಸು, ಏರುವುದಕ್ಕೆ ಕಂಪಾಸೂ ಬೇಡ, ಜಿಪಿಎಸ್ಸೂ ಬೇಡ, ಗಾಳಿಯ ಒತ್ತಡ ಅಳೆಯುವ ಬಾರೋಮೀಟರ್ ಸಾಕು. ಹೋಮ್ ಗುಂಡಿ ಮುಟ್ಟಬೇಡ. ಪರದೆ ಬಿಟ್ಟು ಕಣ್ಣೆತ್ತಿ ಡ್ರೋನನ್ನೇ ನೋಡು. ಬಲಗಡ್ಡಿಯನ್ನು ಸ್ವಲ್ಪ ಮುಂದೆ ಒತ್ತಿ ಅದು ಯಾವ ಕಡೆ ಸಾಗಿತು ನೋಡು, ಮೂತಿ ಅತ್ತ ಇದೆ. ಅಷ್ಟು ತಿಳಿದ ಮೇಲೆ ಎಬ್ಬಿಸಿದ ಜಾಗಕ್ಕೇ ತರಬೇಕು ಅಂತ ಹಟ ಬೇಡ, ಹತ್ತಿರದ ಖಾಲಿ ಹೊಲ ಸಾಕು. ಬಹಳಷ್ಟು ಡ್ರೋನ್‌ಗಳು ಈ ಜಗಳ ಬಿಡಿಸಲಾಗದೆ ಕೆಲ ಕ್ಷಣದಲ್ಲಿ ತಾವೇ ‘ಆ್ಯಟಿ’ ಮೋಡ್‌ಗೆ, ಅಂದರೆ ಜಿಪಿಎಸ್ ನೆಚ್ಚದೆ ಹಾರುವ ಸ್ಥಿತಿಗೆ, ಬೀಳುತ್ತವೆ. ಗಿರಕಿ ತಟ್ಟನೆ ನಿಂತು ಡ್ರೋನ್ ಗಾಳಿಗೆ ತೇಲತೊಡಗಿದರೆ ಹಾಗಾಯಿತು ಅಂತ ತಿಳಿ. ಜನ ಹೆದರಿ ಕೈಬಿಡುವುದು ಅದೇ ಗಳಿಗೆಯಲ್ಲಿ. ನಿಜದಲ್ಲಿ ಅದು ಒಳ್ಳೆಯ ಸುದ್ದಿ, ಯಂತ್ರ ಹಟ ಬಿಟ್ಟು ನಿನ್ನ ಮಾತು ಕೇಳಲು ಒಪ್ಪಿದೆ. ಆದರೆ ಕಡ್ಡಿ ಬಿಟ್ಟರೆ ನಿಲ್ಲುವುದಿಲ್ಲ. ಸವದತ್ತಿ ಗುಡ್ಡದ ಮಳೆಗಾಲದ ಗಾಳಿ ಸೆಕೆಂಡಿಗೆ 8 ಮೀಟರ್ ಇದ್ದರೆ, ನೀನು ಇಪ್ಪತ್ತು ಸೆಕೆಂಡು ಯೋಚಿಸುತ್ತ ನಿಂತರೆ ಡ್ರೋನ್ 160 ಮೀಟರ್ ಆಚೆ.

ಇದನ್ನು ಓದಿ ಕಲಿಯಲು ಆಗುವುದಿಲ್ಲ. ಹಳೆಯ ಫ್ಯಾಂಟಮ್ 4ರಲ್ಲಿ ಜಿಪಿಎಸ್ ಬಿಡಿಸಿ ಹಾರಿಸಲು ಸ್ವಿಚ್ಚೇ ಇತ್ತು, ಈಗಿನ ಸಣ್ಣ ಡ್ರೋನ್‌ಗಳಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ. ನನ್ನ ಪ್ರಕಾರ ಅದು ಕಂಪನಿಗಳು ಮಾಡಿದ ದೊಡ್ಡ ತಪ್ಪು. ಸುಲಭ ಮಾಡಲು ಹೋಗಿ ಹಾರಿಸುವವನಿಗೆ ಅಭ್ಯಾಸದ ದಾರಿ ಮುಚ್ಚಿದರು. ಕಂಪ್ಯೂಟರ್ ಸಿಮ್ಯುಲೇಟರ್ ಆಗಬಹುದು, ಇಲ್ಲವಾದರೆ ಜಿಪಿಎಸ್ಸೇ ಇಲ್ಲದ ಅಗ್ಗದ ಆಟಿಕೆ ಡ್ರೋನ್ ಒಂದನ್ನು ತೆಗೆದುಕೊ. ಬಾಲ ನಿನ್ನ ಕಡೆ ಇಟ್ಟು ಒಂದೇ ಜಾಗದಲ್ಲಿ ನಿಲ್ಲಿಸುವುದು, ಆಮೇಲೆ ಮೂತಿ ನಿನ್ನ ಕಡೆ ಇಟ್ಟು ನಿಲ್ಲಿಸುವುದು, ಇವೆರಡು ಕೈಗೆ ಕೂತರೆ ಸಾಕು.

ಕಾನೂನಿನದೂ ಒಂದು ಮಾತು, ನೀನು ಕೇಳಿಲ್ಲವಾದರೂ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಮಿನಿಂದ 2 ಕಿಲೋವರೆಗಿನ ಡ್ರೋನನ್ನು ಹವ್ಯಾಸಕ್ಕೆ ಹಾರಿಸಿದರೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಡ, ಹಣಕ್ಕೆ ಹಾರಿಸಿದರೆ ಬೇಕು. ನೀನು ಲಗ್ನದ ಶೂಟಿಂಗಿಗೆ ದುಡ್ಡು ತೆಗೆದುಕೊಳ್ಳುತ್ತೀಯ. ಹಸಿರು ವಲಯದಲ್ಲಿ 400 ಅಡಿಯೊಳಗೆ ಪರವಾನಿಗೆ ಬೇಡ ಅನ್ನುವುದು ನಿಜ, ಆದರೆ ಕಿತ್ತೂರು ಕೋಟೆಯಂಥ ಸ್ಮಾರಕದಲ್ಲೂ ಯಲ್ಲಮ್ಮನ ಗುಡಿಯಲ್ಲೂ ಅಲ್ಲಿನವರನ್ನು ಕೇಳಿಯೇ ಎಬ್ಬಿಸು. ಭಾರತ ಹುಣ್ಣಿಮೆ ಜಾತ್ರೆಯ ಜನದ ತಲೆ ಮೇಲೆ ಮಾತ್ರ ಯಾರು ಎಷ್ಟು ದುಡ್ಡು ಕೊಟ್ಟರೂ ಹಾರಿಸಬೇಡ.

ಕಡೆಯದಾಗಿ ಒಂದು ಕೆಲಸ. ಬೇವಿನ ಗಿಡಕ್ಕೆ ಬಡಿದ ದಿನದ ಫ್ಲೈಟ್ ಲಾಗ್ ನಿನ್ನ ಮೊಬೈಲಿನ ಆ್ಯಪಿನಲ್ಲಿ ಇನ್ನೂ ಇರುತ್ತದೆ. ರಿಪೇರಿ ಅಂಗಡಿಯವನು ಅಳಿಸುವ ಮೊದಲು ಅದನ್ನು ತೆಗೆದು ನನಗೆ ಕಳಿಸು. ಮಾಳಿಗೆ ಬಿಟ್ಟೆದ್ದ ಮೊದಲ ಐದು ಸೆಕೆಂಡಿನ ಕಂಪಾಸ್ ಅಂಕಿ ನೋಡಬೇಕು ನನಗೆ. ಅಂಕಿ ಬೇರೆ ಕಥೆ ಹೇಳಿದರೆ ಇನ್ನೊಂದು ಪತ್ರ ಬರೆಯುತ್ತೇನೆ.

ಅಪ್ಪ ಅವ್ವನಿಗೆ ನಮಸ್ಕಾರ ಹೇಳು.

ನಿನ್ನ
ಧಾರವಾಡದ ಅಣ್ಣ